ಅನಿಲಗಳಲ್ಲಿ ರಾಸಾಯನಿಕ ಕ್ರಿಯೆಯ ವೇಗ

ಎರಡು ಅನಿಲಗಳ ನಡುವೆ ರಾಸಾಯನಿಕ ಕ್ರಿಯೆ ನಡೆಯಬೇಕಾದರೆ ಅವುಗಳ ಅಣುಗಳು ಒಂದಕ್ಕೊಂದು ಡಿಕ್ಕಿ ಹೊಡೆಯಬೇಕು. ಡಿಕ್ಕಿಗಳಿಗೇನೂ ಕೊರತೆಯಿಲ್ಲ, ಕೋಣೆಯ ಗಾಳಿಯಲ್ಲಿ ಒಂದೊಂದು ಅಣುವೂ ಸೆಕೆಂಡಿಗೆ ನೂರಾರು ಕೋಟಿ ಸಲ ಮತ್ತೊಂದಕ್ಕೆ ಬಡಿಯುತ್ತದೆ. ಆದರೂ ಹೈಡ್ರೋಜನ್ ಮತ್ತು ಆಕ್ಸಿಜನ್ ಬೆರೆಸಿ ಗಾಜಿನ ಪಾತ್ರೆಯಲ್ಲಿಟ್ಟರೆ, ಕಿಡಿ ತಾಗದಿದ್ದಲ್ಲಿ, ವರ್ಷಗಟ್ಟಲೆ ಹಾಗೆಯೇ ಇರುತ್ತವೆ. ಹಳೆಯ ಬಂಧಗಳನ್ನು ಮುರಿದು ಹೊಸದನ್ನು ಕಟ್ಟಲು ಬೇಕಾದ ಕನಿಷ್ಠ ಶಕ್ತಿ, ಅಂದರೆ ಸಕ್ರಿಯಣ ಶಕ್ತಿ, ಬಹುಪಾಲು ಡಿಕ್ಕಿಗಳಲ್ಲಿ ಇರುವುದೇ ಇಲ್ಲ.

ಉಷ್ಣತೆಯ ಪ್ರಭಾವ ಇಲ್ಲಿ ಕಾಣುತ್ತದೆ. ಅನಿಲವನ್ನು 27 ಡಿಗ್ರಿ ಸೆಲ್ಸಿಯಸ್‌ನಿಂದ 37 ಡಿಗ್ರಿಗೆ ಕಾಯಿಸಿದರೆ ಅಣುಗಳ ಸರಾಸರಿ ವೇಗ ಹೆಚ್ಚುವುದು ಶೇ. 2ಕ್ಕಿಂತಲೂ ಕಡಿಮೆ. ಅಷ್ಟರಲ್ಲೇ ಅನೇಕ ಕ್ರಿಯೆಗಳ ವೇಗ ಸುಮಾರು ಇಮ್ಮಡಿಯಾಗುತ್ತದೆ. ಏಕೆಂದರೆ ಸಕ್ರಿಯಣ ಶಕ್ತಿಯನ್ನು ಮೀರಿದ ಅಣುಗಳ ಪಾಲು ಸರಾಸರಿಗಿಂತ ಬಹಳ ಬೇಗ ಬೆಳೆಯುತ್ತದೆ. ಸ್ವೀಡನ್ನಿನ ಸ್ವಾಂಟೆ ಅರೇನಿಯಸ್ 1889ರಲ್ಲಿ ಈ ಸಂಬಂಧವನ್ನು ವಿವರಿಸಿದ. ಅಪವಾದವೂ ಉಂಟು: ನೈಟ್ರಿಕ್ ಆಕ್ಸೈಡ್ ಆಕ್ಸಿಜನ್ನಿನೊಡನೆ ಸೇರುವ ಕ್ರಿಯೆ ಕಾಯಿಸಿದಷ್ಟೂ ನಿಧಾನವಾಗುತ್ತದೆ.

ಒತ್ತಡ ಹೆಚ್ಚಿದರೆ ಅಣುಗಳು ಒತ್ತೊತ್ತಾಗಿ ಡಿಕ್ಕಿಗಳು ಹೆಚ್ಚುತ್ತವೆ. ಉಷ್ಣತೆ ಬದಲಿಸದೆ ಗಾತ್ರವನ್ನು ಅರ್ಧಕ್ಕಿಳಿಸಿದರೆ ಹೈಡ್ರೋಜನ್–ಅಯೋಡಿನ್ ಕ್ರಿಯೆಯ ವೇಗ ನಾಲ್ಕು ಪಟ್ಟಾಗುತ್ತದೆ. ನೈಟ್ರಿಕ್ ಆಕ್ಸೈಡ್–ಆಕ್ಸಿಜನ್ ಕ್ರಿಯೆಯದು ಎಂಟು ಪಟ್ಟು.

ಒತ್ತಡದ ಪ್ರಭಾವ ಇಷ್ಟೇ ಎಂದು ನಿಲ್ಲಿಸಿದರೆ ಈ ವಿಷಯದ ಅತ್ಯಂತ ಸೊಗಸಾದ ಭಾಗವೇ ತಪ್ಪಿಹೋಗುತ್ತದೆ. ಸುಮಾರು 500 ಡಿಗ್ರಿಯಲ್ಲಿ ಹೈಡ್ರೋಜನ್–ಆಕ್ಸಿಜನ್ ಮಿಶ್ರಣ ಅತಿ ಕಡಿಮೆ ಒತ್ತಡದಲ್ಲಿ ಶಾಂತವಾಗಿರುತ್ತದೆ. ಒತ್ತಡ ಸ್ವಲ್ಪ ಏರಿದರೆ ಸ್ಫೋಟಿಸುತ್ತದೆ. ಇನ್ನೂ ಏರಿಸಿದರೆ ಮತ್ತೆ ಶಾಂತ. ಬಹಳ ಏರಿಸಿದರೆ ಪುನಃ ಸ್ಫೋಟ! ಇದಕ್ಕೆ ಕಾರಣ ಸರಪಳಿ ಕ್ರಿಯೆ. ಒಂದು ಹೈಡ್ರೋಜನ್ ಪರಮಾಣು ಆಕ್ಸಿಜನ್ ಅಣುವಿಗೆ ಬಡಿದಾಗ ಅದೊಂದರ ಜಾಗದಲ್ಲಿ ಎರಡು ಚುರುಕು ಕಣಗಳು ಹುಟ್ಟುತ್ತವೆ. ಒತ್ತಡ ತೀರಾ ಕಡಿಮೆಯಿದ್ದಾಗ ಇಂಥ ಕಣಗಳು ಪಾತ್ರೆಯ ಗೋಡೆ ತಲುಪಿ ಅಲ್ಲೇ ನಾಶವಾಗುತ್ತವೆ. ಹಾಗಾಗಿ ಪಾತ್ರೆಯ ಅಗಲವೂ ಒಳಮೈಯೂ ಫಲಿತಾಂಶವನ್ನು ಬದಲಿಸುತ್ತವೆ. ಒತ್ತಡ ಏರಿದಾಗ ಗೋಡೆಯ ದಾರಿ ಕಷ್ಟವಾಗಿ ಸರಪಳಿ ಕವಲೊಡೆಯುತ್ತ ಹೋಗುತ್ತದೆ. ಇನ್ನಷ್ಟು ಏರಿದರೆ, ಮೂರನೆಯ ಅಣುವೊಂದು ನಡುವೆ ಬಂದು ಹೆಚ್ಚುವರಿ ಶಕ್ತಿಯನ್ನು ಹೀರಿಕೊಳ್ಳುವುದರಿಂದ ಹೈಡ್ರೋಜನ್ ಪರಮಾಣು ಆಕ್ಸಿಜನ್ನಿಗೆ ಅಂಟಿಕೊಂಡು ಮಂದವಾದ ಕಣವಾಗುತ್ತದೆ. ಅದಕ್ಕೂ ಮೇಲಿನ ಒತ್ತಡದಲ್ಲಿ ಆ ಮಂದ ಕಣಗಳೂ ಕ್ರಿಯೆಗಿಳಿಯುತ್ತವೆ, ಶಾಖವೂ ಒಳಗೇ ಕೂಡಿಕೊಳ್ಳುತ್ತದೆ. ಇಂಥ ಕ್ರಿಯೆಗಳನ್ನು ಬಿಡಿಸಿದ ನಿಕೊಲಾಯ್ ಸೆಮ್ಯೊನೊವ್ ಮತ್ತು ಸಿರಿಲ್ ಹಿನ್ಶೆಲ್‌ವುಡ್ 1956ರ ನೊಬೆಲ್ ಹಂಚಿಕೊಂಡರು.

ಬೆಳಕೂ ಸರಪಳಿ ಹೊತ್ತಿಸಬಲ್ಲದು: ಕತ್ತಲಲ್ಲಿ ಸುಮ್ಮನಿರುವ ಹೈಡ್ರೋಜನ್–ಕ್ಲೋರಿನ್ ಮಿಶ್ರಣ ಬಿಸಿಲಿಗೆ ಸ್ಫೋಟಿಸುತ್ತದೆ.

ಕೈಗಾರಿಕೆಯಲ್ಲಿ ಈ ಅಂಶಗಳನ್ನೆಲ್ಲ ಒಟ್ಟಿಗೆ ತೂಗಬೇಕು. ನೈಟ್ರೋಜನ್ ಮತ್ತು ಹೈಡ್ರೋಜನ್‌ನಿಂದ ಅಮೋನಿಯಾ ತಯಾರಿಸುವಾಗ ಉಷ್ಣತೆ ಏರಿಸಿದರೆ ಕ್ರಿಯೆ ಚುರುಕಾಗುತ್ತದೆ, ಆದರೆ ಸಮತೋಲನದಲ್ಲಿ ಸಿಗುವ ಅಮೋನಿಯಾ ಇಳಿಯುತ್ತದೆ. ಆದ್ದರಿಂದ 1913ರಲ್ಲಿ ಜರ್ಮನಿಯ ಒಪ್ಪೌನಲ್ಲಿ ಆರಂಭವಾದ ಹೇಬರ್–ಬಾಷ್ ವಿಧಾನದಲ್ಲಿ ಸಕ್ರಿಯಣ ಶಕ್ತಿಯನ್ನು ತಗ್ಗಿಸುವ ಕಬ್ಬಿಣದ ವೇಗವರ್ಧಕವನ್ನೂ ಭಾರಿ ಒತ್ತಡವನ್ನೂ ಬಳಸಿ, ಉಷ್ಣತೆಯನ್ನು ಸುಮಾರು 500 ಡಿಗ್ರಿಯ ಆಸುಪಾಸಿನಲ್ಲಿ ಹಿಡಿದಿಡಲಾಯಿತು.