ಕದ್ರಿಯ ಲೋಕೇಶ್ವರ

ಮಂಗಳೂರಿನಲ್ಲಿ ಚಳಿಗಾಲವೆಂಬುದು ಹೆಚ್ಚಾಗಿ ಪಂಚಾಂಗದಲ್ಲಿಯೇ ಕಾಣಸಿಗುವ ವಸ್ತು. ಆದರೂ ಧನುರ್ಮಾಸದ ಬೆಳಗಿನ ಜಾವ ಕದ್ರಿಯ ಗುಡ್ಡಕ್ಕೆ ಬರುವವರ ಮೈ ಸ್ವಲ್ಪವಾದರೂ ನಡುಗದೆ ಇರದು. ದೇವಾಲಯದ ಹಿಂಬದಿಯ ಎತ್ತರದಲ್ಲಿ ಗೋಮುಖದಿಂದ ಬೀಳುವ ನೀರು ಕೆರೆಗಳ ಸಾಲನ್ನು ತುಂಬುತ್ತದೆ. ಅಲ್ಲಿ ಮಿಂದು, ಇಲ್ಲವೆ ಕೈಕಾಲನ್ನಾದರೂ ತೊಳೆದು, ಮೆಟ್ಟಿಲಿಳಿದು ಮಂಜುನಾಥನ ದರ್ಶನಕ್ಕೆ ಹೋಗುವುದು ಪದ್ಧತಿ. ಮಕರ ಸಂಕ್ರಮಣದ ವೇಳೆಗೆ ಜಾತ್ರೆ ಆರಂಭವಾಗುತ್ತದೆ. ಅದಕ್ಕೆ ಮೊದಲಿನ ದಿನಗಳಲ್ಲಿ ಹೋಗುವುದು ಇನ್ನೂ ಲೇಸು. ಏಕೆಂದರೆ ನಿಧಾನವಾಗಿ ನಿಂತು ನೋಡಬೇಕಾದ ಮೂರ್ತಿಯೊಂದು ಅಲ್ಲಿದೆ.

ಲಿಂಗರೂಪಿಯಾದ ಮಂಜುನಾಥನಿಗೆ ಕೈಮುಗಿದು ಪ್ರದಕ್ಷಿಣೆ ಬರುವವರು ಲೋಕೇಶ್ವರನ ಎದುರಿಗೂ ಒಮ್ಮೆ ತಲೆಬಾಗಿ ಮುಂದೆ ಸಾಗುತ್ತಾರೆ. ಸುಮಾರು 5 ಅಡಿ ಎತ್ತರದ ಕಂಚಿನ ವಿಗ್ರಹ. ಮೂರು ಮುಖ, ಆರು ಕೈ, ಪದ್ಮಾಸನ. ಮುಖಗಳನ್ನು ಎಣಿಸಿ ಬ್ರಹ್ಮನೆಂದು ಬಗೆದರೆ ಅದು ಸಹಜವೇ. ಆದರೆ ಜಟಾಮಕುಟದತ್ತ ಕಣ್ಣು ಹಾಯಿಸಿದರೆ ಅಲ್ಲಿ ಧ್ಯಾನಸ್ಥನಾದ ಪುಟ್ಟ ಬುದ್ಧನೊಬ್ಬ ಕುಳಿತಿದ್ದಾನೆ. ಆ ಗುರುತು ಅವಲೋಕಿತೇಶ್ವರನದು. ಲೋಕದ ಅಳಲನ್ನು ಕಂಡು ಕರಗಿದ ಬೋಧಿಸತ್ವನೀತ. ಚೀನದಲ್ಲಿ ಗುವಾನ್‌ಯಿನ್ ಎಂದೂ ಜಪಾನಿನಲ್ಲಿ ಕನ್ನೊನ್ ಎಂದೂ ಪೂಜೆಗೊಳ್ಳುವ ದೈವ.

ಪೀಠದ ಮೇಲೆ ಸಂಸ್ಕೃತ ಶಾಸನವಿದೆ. ಆಳುಪ ದೊರೆ ಕುಂದವರ್ಮನು ಕ್ರಿ.ಶ. 968ರಲ್ಲಿ ಕದರಿಕಾ ಎಂಬ ಮನೋಹರವಾದ ವಿಹಾರದಲ್ಲಿ ಲೋಕೇಶ್ವರನನ್ನು ಪ್ರತಿಷ್ಠಾಪಿಸಿದನೆಂದು ಅದರ ಸಾರ. ವಿಹಾರವೆಂದರೆ ಬೌದ್ಧ ಭಿಕ್ಷುಗಳ ನೆಲೆ. ಮಾತು ಇಲ್ಲಿಗೇ ನಿಂತಿದ್ದರೆ ಕಥೆ ಸರಳವಾಗುತ್ತಿತ್ತು. ಆದರೆ ಅದೇ ಶಾಸನವು ಅರಸನನ್ನು ಚಂದ್ರಶೇಖರನ ಪಾದಕಮಲದ ದುಂಬಿಯೆಂದೂ ಕರೆಯುತ್ತದೆ! ಶಿವಭಕ್ತನಾದ ದೊರೆ ಭಿಕ್ಷುಗಳ ವಿಹಾರಕ್ಕೆ ಮೂರ್ತಿಯನ್ನು ಕೊಟ್ಟ. ಅದರಲ್ಲಿ ಮುಚ್ಚಿಡಬೇಕಾದುದೇನೂ ಅವನಿಗೆ ತೋರಲಿಲ್ಲ.

ಮುಂದೆ ವಿಹಾರ ಮರೆಯಾಗಿ, ಗುಡ್ಡದಲ್ಲಿ ನಾಥಪಂಥ ನೆಲೆಯೂರಿತು. ಮುರಕಲ್ಲಿನ ಗುಹೆಗಳಿರುವ ಎತ್ತರದಲ್ಲಿ ಜೋಗಿಮಠ ಇಂದಿಗೂ ಇದೆ. ನಾಸಿಕದ ಸಿಂಹಸ್ಥ ಮೇಳದ ಬಳಿಕ, 12 ವರ್ಷಕ್ಕೊಮ್ಮೆ, ಜೋಗಿಗಳ ತಂಡ ತ್ರ್ಯಂಬಕೇಶ್ವರದಿಂದ ಕಾಲ್ನಡಿಗೆಯಲ್ಲಿ ಹೊರಟು ತಿಂಗಳುಗಟ್ಟಲೆ ನಡೆದು ಬಂದು ಮಠಕ್ಕೆ ಹೊಸ ಒಡೆಯನನ್ನು ಪಟ್ಟಕ್ಕೇರಿಸುತ್ತದೆ. ಈ ಪಂಥದ ಆದಿಗುರುಗಳಲ್ಲೊಬ್ಬನಾದ ಮತ್ಸ್ಯೇಂದ್ರನಾಥನ ಮೂರ್ತಿಯೂ ಕದ್ರಿಯಲ್ಲುಂಟು. ಇಲ್ಲೊಂದು ಸೋಜಿಗವಿದೆ. ದೂರದ ನೇಪಾಳದ ಪಾಟಣದಲ್ಲಿ ವರ್ಷವರ್ಷವೂ ರಥವೇರುವ ದೇವರು ಹಿಂದೂಗಳಿಗೆ ಮಚ್ಛೀಂದ್ರನಾಥ, ಬೌದ್ಧರಿಗೆ ಅವಲೋಕಿತೇಶ್ವರ. ರಥ ಮಾತ್ರ ಒಂದೇ. ಹಿಮಾಲಯದ ತಪ್ಪಲಿನಲ್ಲಿ ಒಂದಾದ ಈ ಇಬ್ಬರು ಅರಬ್ಬೀ ಕಡಲಿನ ಕರೆಯ ಗುಡ್ಡದಲ್ಲಿ ನೆರೆಹೊರೆಯವರಾಗಿದ್ದಾರೆ.

ಇದು ಮೂಲತಃ ಯಾರ ಗುಡಿಯೆಂಬ ಚರ್ಚೆ ಹಳೆಯದು. ಮಂಜುನಾಥನೆಂಬ ಹೆಸರು ಬೋಧಿಸತ್ವ ಮಂಜುಶ್ರೀಯಿಂದ ಬಂದಿತೆಂದು ಕೆಲವು ವಿದ್ವಾಂಸರು; ನಾಥಪಂಥದಿಂದ ಬಂದಿತೆಂದು ಇನ್ನು ಕೆಲವರು. ವಾದಿಸುವವರು ಒಂದು ಸಂಗತಿಯನ್ನು ನೆನೆಯುವುದು ಒಳ್ಳೆಯದು. ಕಂಚು ಬೆಲೆಬಾಳುವ ಲೋಹ. ಬೇಡವಾದ ಮೂರ್ತಿಯನ್ನು ಕರಗಿಸಿದರೆ ಗಂಟೆಯಾದೀತು, ಪಾತ್ರೆಯಾದೀತು. ಭಿಕ್ಷುಗಳಿಲ್ಲವಾದ ಮೇಲೂ ಈ ಮೂರ್ತಿಯನ್ನು ಯಾರೂ ಕುಲುಮೆಗೆ ಹಾಕಲಿಲ್ಲ. ಕಿರೀಟದ ಬುದ್ಧನನ್ನು ಕೆತ್ತಿ ತೆಗೆಯಲೂ ಇಲ್ಲ. ಹೆಸರು ಹೇಳಿದವರು ಬದಲಾದರು, ಹೂವೇರಿಸುವ ಕೈ ಬದಲಾಯಿತು, ಅಷ್ಟೆ.

ಕದ್ರಿಗೆ ಹೋದವರು ಲೋಕೇಶ್ವರನ ಮಂಗಳಾರತಿಯ ವೇಳೆಗೆ ನಿಲ್ಲಬೇಕು. ಆರತಿಯ ಬೆಳಕು ಮುಖದಿಂದ ಮೇಲೇರಿ ಮಕುಟವನ್ನು ಮುಟ್ಟುವುದು ಕ್ಷಣಕಾಲ ಮಾತ್ರ. ಆಗ ಕಣ್ಣು ಮುಚ್ಚಿಕೊಂಡರೆ ಪುಟ್ಟ ಬುದ್ಧ ತಪ್ಪಿಹೋದಾನು.