ಮೂವಿಂಗ್ ಹೆಡ್ ಕೊಳ್ಳುವ ಮುನ್ನ

ಲೈಟ್ ಅಂಗಡಿಗೆ ಬರುವ ಹೊಸ ಡಿಜೆ ಹುಡುಗರು ಮೊದಲು ಕೇಳುವುದು ಒಂದೇ ಪ್ರಶ್ನೆ: "ಅಣ್ಣಾ, ಇದು ಎಷ್ಟು ವ್ಯಾಟ್?" 230 ಎಂದರೆ ಮುಖ ಅರಳುತ್ತದೆ, 100 ಎಂದರೆ ಕಣ್ಣು ಪಕ್ಕದ ಡಬ್ಬಿಗೆ ಹೋಗುತ್ತದೆ. ಸಾಲ ಮಾಡಿ ಕೊಳ್ಳುವ ಸಾಮಾನನ್ನು ಈ ಒಂದು ಅಂಕಿ ನೋಡಿ ಆರಿಸಬಾರದು.

ಮೊದಲು ಮೂವಿಂಗ್ ಹೆಡ್‌ನ ಪರಿಚಯ ಮುಗಿಸಿಬಿಡೋಣ. ತಳದಲ್ಲಿ ಪೆಟ್ಟಿಗೆ, ಅದರ ಮೇಲೆ ಸುತ್ತುವ ಕವಲು, ಕವಲಿನ ನಡುವೆ ಬಾಗಿ ಏಳುವ ತಲೆ. ಅಡ್ಡ ಸುತ್ತಿಗೆ ಪ್ಯಾನ್, ಮೇಲೆ ಕೆಳಗೆ ಬಾಗುವುದಕ್ಕೆ ಟಿಲ್ಟ್. ಒಳಗೆ ಬಣ್ಣದ ಚಕ್ರ, ಚಿತ್ತಾರ ಬೀಳಿಸುವ ಗೋಬೊ ಚಕ್ರ, ಬೆಳಕನ್ನು ತಡೆದು ಬಿಡುವ ಷಟರ್. ಇಂಥ ದೀಪಗಳು ಪ್ರೇಕ್ಷಕರ ಮುಂದೆ ಮೊದಲು ಕುಣಿದದ್ದು 1981ರ ಸೆಪ್ಟೆಂಬರ್ 25ರಂದು, ಬಾರ್ಸಿಲೋನಾದ ಗೂಳಿಕಾಳಗದ ಅಂಗಳದಲ್ಲಿ, ಜೆನೆಸಿಸ್ ಎಂಬ ರಾಕ್ ತಂಡದ ಕಾರ್ಯಕ್ರಮದಲ್ಲಿ. ಅಂದು ದೊಡ್ಡ ತಂಡಗಳಿಗಷ್ಟೇ ಎಟುಕುತ್ತಿದ್ದ ಯಂತ್ರ ಇಂದು ಟಾಟಾ ಏಸ್‌ನಲ್ಲಿ ಕೂತು ಕಲ್ಯಾಣ ಮಂಟಪಕ್ಕೆ ಬರುತ್ತದೆ. ಎಷ್ಟು ಸಲ ಬಿಚ್ಚಿ ನೋಡಿದರೂ ನನಗೆ ಇದೊಂದು ಬೆರಗೇ.

ಬಗೆಗಳು ಮುಖ್ಯವಾಗಿ ಮೂರು. ಕಡ್ಡಿಯಂತೆ ನೇರ ಬೆಳಕು ಬಿಡುವುದು ಬೀಮ್, ಅಂಚು ಸ್ಪಷ್ಟವಾದ ವೃತ್ತವನ್ನೋ ಚಿತ್ತಾರವನ್ನೋ ಬೀಳಿಸುವುದು ಸ್ಪಾಟ್, ಅಗಲಕ್ಕೆ ಬಣ್ಣ ಹರಡುವುದು ವಾಷ್.

ಈಗ ಎಲ್ಲರೂ ಎಡವುವ ಜಾಗಕ್ಕೆ ಬರೋಣ. ದೀಪ ಎಷ್ಟು ವಿದ್ಯುತ್ ಎಳೆಯುತ್ತದೆ ಎಂಬುದಷ್ಟೇ ವ್ಯಾಟ್‌ನಿಂದ ತಿಳಿಯುತ್ತದೆ. ಹೊರಬೀಳುವ ಒಟ್ಟು ಬೆಳಕಿನ ಅಳತೆ ಲ್ಯೂಮೆನ್. ಆ ಬೆಳಕು ಬಿದ್ದ ಕಡೆ ಪ್ರತಿ ಚದರ ಮೀಟರಿಗೆ ಎಷ್ಟು ದಕ್ಕಿತು ಎಂಬುದು ಲಕ್ಸ್. ನೋಡುವವರ ಕಣ್ಣಿಗೆ ತಟ್ಟುವುದು ಈ ಕೊನೆಯದು, ಅದನ್ನು ತೀರ್ಮಾನಿಸುವುದರಲ್ಲಿ ಬೆಳಕು ಹರಡುವ ಕೋನದ ಪಾತ್ರ ಬಹಳ ದೊಡ್ಡದು.

ಲೆಕ್ಕ ಹಾಕಿಯೇ ನೋಡಿ. 30 ಅಡಿ ದೂರದ ಗೋಡೆಯ ಮೇಲೆ 15 ಡಿಗ್ರಿ ಕೋನದ ಸ್ಪಾಟ್ ಬೀಳಿಸುವ ವೃತ್ತದ ಅಡ್ಡಳತೆ ಸುಮಾರು 7 ಅಡಿ 11 ಅಂಗುಲ. ಅದೇ ದೂರಕ್ಕೆ 4 ಡಿಗ್ರಿಯ ಬೀಮ್ ಬೀಳಿಸುವುದು 2 ಅಡಿ 1 ಅಂಗುಲ. ಎರಡರಿಂದಲೂ ಹೊರಬರುವ ಒಟ್ಟು ಬೆಳಕು ಒಂದೇ ಇದ್ದರೂ ಬೀಮ್ ಬಿದ್ದ ಜಾಗ ಸುಮಾರು 14 ಪಟ್ಟು ಪ್ರಖರ. ಕೋನವನ್ನು ಇನ್ನೂ ಅರ್ಧಕ್ಕಿಳಿಸಿದರೆ ಮತ್ತೆ ನಾಲ್ಕು ಪಟ್ಟು. ವ್ಯಾಟ್ ಒಂದೂ ಏರಿಲ್ಲ!

ಇಟಲಿಯ ಕ್ಲೇ ಪಾಕಿ ಕಂಪನಿ 2010ರಲ್ಲಿ ತಂದ ಶಾರ್ಪಿ ಎಂಬ ಬೀಮ್ ಹೆಡ್‌ನ ಗುಟ್ಟೂ ಇದೇ. ಅದರೊಳಗಿದ್ದದ್ದು 189 ವ್ಯಾಟಿನ ಪುಟ್ಟ ದೀಪ. ಆದರೂ 20 ಮೀಟರ್ ದೂರದಲ್ಲಿ ಸುಮಾರು 60,000 ಲಕ್ಸ್ ಎಂದು ತಯಾರಕರು ಬರೆದರು. ನಡುಹಗಲ ನೇರ ಬಿಸಿಲು ಒಂದು ಲಕ್ಷ ಲಕ್ಸ್‌ನ ಆಸುಪಾಸು. ಅಂದರೆ 65 ಅಡಿ ಆಚೆ ಅರ್ಧ ಬಿಸಿಲಿಗಿಂತ ಹೆಚ್ಚು! ಆ ಬೆರಗಿನಿಂದಲೇ ನಮ್ಮಲ್ಲಿ ಯಾವ ಕಂಪನಿಯ ಬೀಮ್ ಹೆಡ್ಡಾದರೂ ಶಾರ್ಪಿಯೇ ಆಗಿಹೋಯಿತು.

ಹಾಗಾದರೆ ಎಲ್ಲರೂ ಶಾರ್ಪಿಯನ್ನೇ ಕೊಳ್ಳಬೇಕೆ? ನನ್ನ ಉತ್ತರ ಬೇಡ ಎಂದೇ. ಬಯಲಿನ ರಾಜ್ಯೋತ್ಸವದ ವೇದಿಕೆಗೆ, ಆರ್ಕೆಸ್ಟ್ರಾಗೆ ಅದು ಸರಿ. ಕಡ್ಡಿ ಬೆಳಕು ಆಕಾಶಕ್ಕೆ ಏರಲು ಜಾಗವಿದೆ. ಮೊಬೈಲ್ ಡಿಜೆಯ ಹೆಚ್ಚಿನ ದುಡಿಮೆ ನಡೆಯುವುದು ಛತ್ರದ ರಿಸೆಪ್ಷನ್ ಹಾಲ್‌ಗಳಲ್ಲಿ, 12-15 ಅಡಿ ಎತ್ತರದ ಸೀಲಿಂಗ್ ಕೆಳಗೆ. ಅಲ್ಲಿ 10 ಅಡಿ ಸ್ಟ್ಯಾಂಡ್ ಮೇಲಿಂದ ನೆಲಕ್ಕೆ ಬಿಟ್ಟ 4 ಡಿಗ್ರಿ ಬೀಮ್ ಸುಮಾರು ಎಂಟೂವರೆ ಅಂಗುಲದ ಬಿಳಿ ಚುಕ್ಕೆ. ಅದರಲ್ಲಿ ವಧೂವರರ ಹೆಸರು ಬರೆಯಲಾಗದು, ಕುಣಿಯುವವರ ಮೇಲೆ ಬಣ್ಣ ಚೆಲ್ಲಲಾಗದು. ತಲೆ ತುಸು ಬಾಗಿದರೆ ಬೆಳಕು ನೇರ ಅಜ್ಜಿಯರ ಕಣ್ಣಿಗೆ. ಇಂಥ ಹಾಲ್‌ಗೆ 100-150 ವ್ಯಾಟಿನ ನಾಲ್ಕು ಎಲ್‌ಇಡಿ ಸ್ಪಾಟ್‌ಗಳು ಎಂಟು ಶಾರ್ಪಿಗಿಂತ ಚೆಂದ ಕೆಲಸ ಮಾಡುತ್ತವೆ. ತೂಕ, ಬಾಡಿಗೆ ಗಾಡಿ, ಕರೆಂಟು ಎಲ್ಲದರಲ್ಲೂ ಉಳಿತಾಯ.

ಕರೆಂಟಿನ ಮಾತು ಬಂತು. ಶಾರ್ಪಿ ಬಗೆಯ ಹೆಡ್‌ಗಳಲ್ಲಿರುವುದು ಸಾಮಾನ್ಯವಾಗಿ ಡಿಸ್ಚಾರ್ಜ್ ದೀಪ. ಅನಿಲದೊಳಗೆ ಎರಡು ತುದಿಗಳ ನಡುವೆ ಹಾರುವ ವಿದ್ಯುತ್ತೇ ಅದರ ಬೆಳಕು. ವೇದಿಕೆ ಕತ್ತಲಾದಾಗಲೂ ಅದು ಒಳಗೆ ಉರಿಯುತ್ತಲೇ ಇರುತ್ತದೆ, ಷಟರ್ ಮುಚ್ಚಿರುತ್ತದೆ ಅಷ್ಟೆ. ಕರೆಂಟ್ ಹೋಗಿ ಜನರೇಟರ್‌ಗೆ ಬದಲಾಗುವ ಆ ಅರೆಗಳಿಗೆಯಲ್ಲಿ ದೀಪ ಆರಿದರೆ ಕೂಡಲೇ ಮತ್ತೆ ಹೊತ್ತದು. ಬಿಸಿಯಾದಾಗ ಒಳಗಿನ ಒತ್ತಡ ಹೆಚ್ಚಿರುವುದರಿಂದ ಕಿಡಿ ಹಾರುವುದಿಲ್ಲ. ತಣಿಯಲು ಕೆಲವು ನಿಮಿಷ ಬೇಕು. ವರನ ಕಡೆಯವರು ವೇದಿಕೆ ಹತ್ತುವಾಗ ಆ ಕೆಲವು ನಿಮಿಷ ಬಲು ಉದ್ದ. ಎಲ್‌ಇಡಿ ಹೆಡ್ಡಾದರೆ ಪ್ಯಾನ್, ಟಿಲ್ಟ್ ಒಂದು ಸುತ್ತು ಹಾಕಿ ರೀಸೆಟ್ ಆದೊಡನೆ ಬೆಳಗುತ್ತದೆ. ಕರೆಂಟು ಪದೇ ಪದೇ ಕೈಕೊಡುವ ಊರುಗಳಲ್ಲಿ ದುಡಿಯುವವರು ಈ ಒಂದು ಕಾರಣಕ್ಕೇ ಎಲ್‌ಇಡಿ ಆರಿಸಿಕೊಂಡರೂ ತಪ್ಪಲ್ಲ.

ಕೊಳ್ಳುವಾಗ ಎಲ್‌ಇಡಿಯಲ್ಲೂ ಒಂದನ್ನು ಪರೀಕ್ಷಿಸಿ: ಬೆಳಕನ್ನು ಅರ್ಧಕ್ಕಿಳಿಸಿ ಮೊಬೈಲ್ ಕ್ಯಾಮರಾದಲ್ಲಿ ನೋಡಿ. ಪರದೆಯ ಮೇಲೆ ಕಪ್ಪು ಪಟ್ಟೆ ಹರಿದರೆ ಮದುವೆಯ ವಿಡಿಯೋದವರು ನಿಮ್ಮನ್ನು ಎರಡನೇ ಸಲ ಕರೆಸುವುದಿಲ್ಲ.

ಚಲನೆಯ ನಯವೂ ಸ್ಪೆಕ್ ಹಾಳೆಯಲ್ಲೇ ಅಡಗಿದೆ. ಹೆಡ್‌ಗಳಿಗೆ ಆಜ್ಞೆ ಹೋಗುವುದು 1986ರಲ್ಲಿ ರೂಪುಗೊಂಡ ಡಿಎಂಎಕ್ಸ್ 512 ಎಂಬ ಪದ್ಧತಿಯಲ್ಲಿ. ಒಂದು ಲೈನಿಗೆ 512 ಚಾನೆಲ್, ಪ್ರತಿ ಚಾನೆಲ್‌ಗೆ 0ಯಿಂದ 255ರವರೆಗೆ ಬೆಲೆ. 540 ಡಿಗ್ರಿಯ ಪ್ಯಾನನ್ನು ಒಂದೇ ಚಾನೆಲ್ ನಡೆಸಿದರೆ ಒಂದೊಂದು ಹೆಜ್ಜೆಯೂ ಎರಡು ಡಿಗ್ರಿಗೆ ಮಿಗಿಲು. 30 ಅಡಿ ಆಚೆ ಅದು ಒಂದಡಿಗೂ ಹೆಚ್ಚಿನ ನೆಗೆತ. ವಧು ನಿಧಾನವಾಗಿ ನಡೆದು ಬರುವಾಗ ಬೆಳಕು ಕುಂಟುವುದು ಹೀಗೆ. ಎರಡು ಚಾನೆಲ್ ಕೂಡಿಸಿದ 16 ಬಿಟ್ ಪ್ಯಾನ್‌ನಲ್ಲಿ 65,536 ಹೆಜ್ಜೆಗಳು. ಹಾಳೆಯಲ್ಲಿ ಪ್ಯಾನ್ ಫೈನ್, ಟಿಲ್ಟ್ ಫೈನ್ ಎಂದಿದೆಯೇ ನೋಡಿ. ಲೈನಿನ ಕೊನೆಯ ಹೆಡ್‌ಗೆ 120 ಓಮ್ ಟರ್ಮಿನೇಟರ್ ಸಿಕ್ಕಿಸಿದರೆ ಕಾರಣವಿಲ್ಲದ ಜಿಗಿತಗಳೂ ಎಷ್ಟೋ ತಗ್ಗುತ್ತವೆ.

ಇಷ್ಟಾದ ಮೇಲೂ "ಬೀಮೇ ಕಾಣ್ತಿಲ್ಲ" ಎಂಬ ದೂರು ಬರುತ್ತದೆ. ಬೆಳಕು ಪಕ್ಕದಿಂದ ಕಾಣಲು ಗಾಳಿಯಲ್ಲಿ ಅದನ್ನು ಚದುರಿಸುವ ಕಣಗಳಿರಬೇಕು. ಹಳೆಯ ಹೆಂಚಿನ ಮನೆಯ ಬೆಳಕಿಂಡಿಯಿಂದ ಇಳಿದ ಬಿಸಿಲ ಕೋಲು ದೂಳಿನಿಂದ ಕಾಣುವಂತೆ. ದಟ್ಟ ಮೋಡ ಉಗುಳುವ ಸ್ಮೋಕ್ ಮಷಿನ್‌ಗಿಂತ ತೆಳುವಾಗಿ ಬಹಳ ಹೊತ್ತು ತೇಲುವ ಹೇಜ್ ಬಿಡುವ ಮಷಿನ್ ಮೇಲು. ಹಾಲ್‌ನಲ್ಲಿ ಬೆಂಕಿ ಎಚ್ಚರಿಕೆಯ ಗಂಟೆ ಇದೆಯೇ ಎಂದು ಮಾತ್ರ ಮೊದಲೇ ವಿಚಾರಿಸಿ. ಪ್ರತಿ ಹೆಡ್‌ಗೂ ಸೇಫ್ಟಿ ವೈರ್ ಕಟ್ಟಿ. ಉರಿಯುವ ವಸ್ತುವಿನಿಂದ ಎಷ್ಟು ದೂರ ಇಡಬೇಕೆಂದು ಕೈಪಿಡಿಯಲ್ಲಿ ಬರೆದಿರುತ್ತಾರೆ. ಡೆಕೊರೇಷನ್ ಬಟ್ಟೆಯ ಮುಂದೆ ನಿಲ್ಲಿಸುವ ಮುನ್ನ ಅದನ್ನು ಓದಿ.

ಇಲ್ಲಿಗೆ ನಿಲ್ಲಿಸಬೇಡಿ, ದಯವಿಟ್ಟು ಮುಂದೆ ಕಲಿಯಿರಿ. ಕ್ಯೂಎಲ್‌ಸಿ ಪ್ಲಸ್‌ನಂಥ ಉಚಿತ ತಂತ್ರಾಂಶವನ್ನು ಲ್ಯಾಪ್‌ಟಾಪ್‌ಗೆ ಹಾಕಿಕೊಂಡರೆ ಒಂದೂ ಹೆಡ್ ಕೊಳ್ಳದೆ ಚಾನೆಲ್‌ಗಳ ಲೆಕ್ಕ ಕೈವಶವಾಗುತ್ತದೆ. ದೂರ ಹೇಳದೆ ಬರಿದೇ "50,000 ಲಕ್ಸ್" ಎನ್ನುವ ಹಾಳೆಯನ್ನು ನಂಬಬೇಡಿ. 5 ಮೀಟರಿನ 50,000, 10 ಮೀಟರಿಗೆ ಹೋಗುವಷ್ಟರಲ್ಲಿ 12,500. ಒಂದು ದಿನದ ಬಾಡಿಗೆಗೆ ಎರಡು ಬಗೆಯ ಹೆಡ್ ತಂದು, ನೀವು ದುಡಿಯುವ ಛತ್ರದಲ್ಲೇ ಟೇಪು, ಲಕ್ಸ್ ಮೀಟರ್ ಹಿಡಿದು ವೃತ್ತ ಅಳೆದು ಬರೆದಿಟ್ಟುಕೊಳ್ಳಿ. ಅಂಗಡಿಗೆ ಹೋಗುವಾಗ ಆ ಹಾಳೆ ಜೇಬಿನಲ್ಲಿರಲಿ.