ಕಿರುಮನೆಯೂ ಕೈಗೆಲಸದ ಅವಕಾಶವೂ

ಕನ್ನಡದಲ್ಲಿ ‘ತೆರಪು’ ಎಂಬುದೊಂದು ದೇಶ್ಯ ಶಬ್ದ. ಬರಿದಾದ ಜಾಗವೆಂಬುದು ಅದರ ಒಂದು ಅರ್ಥ. ಬಿಡುವು ಎಂಬುದು ಮತ್ತೊಂದು. ಸಂಸ್ಕೃತದಿಂದ ಬಂದ ‘ಅವಕಾಶ’ ಶಬ್ದಕ್ಕೂ ಸ್ಥಳ, ಸಮಯ ಎಂಬ ಅರ್ಥಗಳೆರಡೂ ಉಂಟು. ಸ್ಥಳವನ್ನೂ ಕಾಲವನ್ನೂ ಒಂದೇ ಮಾತಿನಲ್ಲಿ ಹಿಡಿದಿಟ್ಟಿರುವ ಈ ಶಬ್ದಗಳಲ್ಲಿ ಒಂದು ವ್ಯವಹಾರಸತ್ಯ ಅಡಗಿದೆ. ಮನೆಯಲ್ಲಿ ಕೈಗೆಲಸಕ್ಕೆ ಜಾಗವಿಲ್ಲವೆಂದು ಕೊರಗುವ ತರುಣರಿಗೆ ಅದು ದಾರಿದೀವಿಗೆಯಾಗಬಲ್ಲುದು.

ಹಿಂದಿನ ಕಾಲದ ಹಳ್ಳಿಯ ಮನೆಗಳಲ್ಲಿ ಈ ಕೊರಗು ಅಷ್ಟಾಗಿ ಇರಲಿಲ್ಲ. ಜಗಲಿ, ಪಡಸಾಲೆ, ಅಟ್ಟ, ಕೊಟ್ಟಿಗೆ, ಹಿತ್ತಿಲು ಎಂದು ಮನೆಯು ಹರಡಿಕೊಂಡಿರುತ್ತಿತ್ತು. ಹಗ್ಗ ಹೊಸೆಯುವವನಿಗೆ ಜಗಲಿ, ಬುಟ್ಟಿ ಹೆಣೆಯುವವಳಿಗೆ ಹಿತ್ತಿಲಿನ ನೆರಳು ತಾನೇ ತಾನಾಗಿ ಒದಗುತ್ತಿತ್ತು. ಆದರೆ ಆ ಕಾಲದಲ್ಲಿಯೂ ಎಲ್ಲರ ಮನೆಗಳು ವಿಶಾಲವಾಗಿರಲಿಲ್ಲವೆಂಬುದನ್ನು ಮರೆಯಲಾಗದು. ಇಳಕಲ್ಲು, ಗುಳೇದಗುಡ್ಡಗಳಂತಹ ಊರುಗಳ ನೇಕಾರರ ಕುಳಿಮಗ್ಗವನ್ನೇ ನೋಡಬಹುದು. ನೆಲದಲ್ಲಿ ಕುಳಿ ತೋಡಿ, ಕಾಲಿನಿಂದ ತುಳಿಯುವ ಹಲಗೆಗಳನ್ನು ಅದರೊಳಗೆ ಇಳಿಸುವುದರಿಂದ ಮಗ್ಗವು ತಗ್ಗಾಗಿ ನಿಲ್ಲುತ್ತದೆ. ನೇಕಾರನು ಕುಳಿಯ ಅಂಚಿನಲ್ಲಿ ಕುಳಿತು ನೇಯುತ್ತಾನೆ. ಅದೇ ಸೂರಿನಡಿ ಸಂಸಾರವೂ ನಡೆಯುತ್ತದೆ. ಜಾಗದ ಕೊರತೆಗೆ ಜಾಣ್ಮೆಯೇ ಉತ್ತರವೆಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಕಿಲ್ಲ.

ಇಂದಿನ ಪರಿಸ್ಥಿತಿ ಬೇರೆ. ಓದಿಗಾಗಿಯೋ ಉದ್ಯೋಗಕ್ಕಾಗಿಯೋ ಪಟ್ಟಣ ಸೇರಿದ ಕುಟುಂಬವು ಎರಡು ಕೋಣೆಗಳ ಬಾಡಿಗೆ ಮನೆಯಲ್ಲಿ ವಾಸಿಸುತ್ತದೆ. ಹಾಸಿಗೆ ಸುತ್ತಿಟ್ಟ ಮೇಲೆ ಅದೇ ಕೋಣೆ ಓದುವ ಮನೆ; ಅತಿಥಿಗಳು ಬಂದರೆ ಅದೇ ಪಡಸಾಲೆ. ಇಂತಹ ಮನೆಯಲ್ಲಿ ಮರಗೆಲಸವನ್ನೋ ಯಂತ್ರರಚನೆಯನ್ನೋ ಹವ್ಯಾಸವಾಗಿ ಬೆಳೆಸಬೇಕೆಂಬ ಹುಡುಗನು ಮೊದಲು ಆಡುವ ಮಾತು, ‘ಇದಕ್ಕೊಂದು ಪ್ರತ್ಯೇಕ ಕೋಣೆ ಇದ್ದಿದ್ದರೆ!’ ಎಂಬುದೇ. ಕೋಣೆಗಾಗಿ ಕಾಯುತ್ತ ಹತ್ತು ವರ್ಷಗಳು ಕಳೆಯುತ್ತವೆ. ಅಷ್ಟರಲ್ಲಿ ಕೈಯ ಚಳಕವೂ ಮನಸ್ಸಿನ ಕುತೂಹಲವೂ ಬತ್ತಿಹೋಗಿರುತ್ತವೆ. ಜಾಗವಿಲ್ಲದ್ದು ದೊಡ್ಡ ನಷ್ಟವಲ್ಲ; ಹೀಗೆ ಬತ್ತಿಹೋಗುವುದೇ ದೊಡ್ಡ ನಷ್ಟ.

ಹೀಗಿರುವಲ್ಲಿ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ: ಕೆಲಸಕ್ಕೆ ನಿಜವಾಗಿ ಬೇಕಾದುದು ಕೋಣೆಯೋ, ಅಥವಾ ಬೇರೆ ಬೇರೆ ಹೊತ್ತಿನಲ್ಲಿ ಬೇರೆ ಬೇರೆ ಅಳತೆಯ ಸ್ವಲ್ಪ ಸ್ವಲ್ಪ ಎಡೆಯೋ? ಇದನ್ನು ನಿರ್ಣಯಿಸಲು ಒಂದು ಹವ್ಯಾಸವನ್ನು ಬಿಡಿಸಿ ನೋಡುವುದು ಒಳಿತು. ನಕ್ಷತ್ರ ನೋಡುವ ದೂರದರ್ಶಕವನ್ನು ಕೈಯಾರೆ ರಚಿಸುವ ಹವ್ಯಾಸವನ್ನು ಇಲ್ಲಿ ಎತ್ತಿಕೊಳ್ಳಬಹುದು. ಹೆಸರು ಕೇಳಿದೊಡನೆ ದೊಡ್ಡ ಕಾರ್ಯಾಗಾರವೇ ಬೇಕೆನಿಸುವ ಕೆಲಸವಿದು.

ಇಂತಹ ದೂರದರ್ಶಕದ ಜೀವಾಳವೆಂದರೆ ನಿಮ್ನ ದರ್ಪಣ, ಅಂದರೆ ನಡುವೆ ತಗ್ಗಾದ ಗಾಜಿನ ಬಿಲ್ಲೆ. ಆರಂಭದ ಹವ್ಯಾಸಿಗಳು ಸಾಮಾನ್ಯವಾಗಿ 6 ಅಂಗುಲ ವ್ಯಾಸದ, 4 ಅಡಿ ಸಂಗಮದೂರದ ದರ್ಪಣವನ್ನು ಆರಿಸಿಕೊಳ್ಳುತ್ತಾರೆ. ಇಂತಹ ದರ್ಪಣದ ನಡುವಿನ ತಗ್ಗು ಎಷ್ಟೆಂದರೆ 1.2 ಮಿಲಿಮೀಟರು ಮಾತ್ರ! ಇಷ್ಟನ್ನು ತೋಡಲು ಯಂತ್ರವೇನೂ ಬೇಕಿಲ್ಲ. ಒಂದೇ ಅಳತೆಯ ಎರಡು ಗಾಜಿನ ಬಿಲ್ಲೆಗಳ ನಡುವೆ ಕಾರ್ಬೊರಂಡಂ ಪುಡಿಯನ್ನೂ ನೀರನ್ನೂ ಹಾಕಿ, ಮೇಲಿನದನ್ನು ಹಿಂದಕ್ಕೂ ಮುಂದಕ್ಕೂ ಉಜ್ಜಬೇಕು. ಮೇಲಿನ ಬಿಲ್ಲೆಯು ಅಂಚನ್ನು ದಾಟಿ ಚಾಚಿದಾಗ ಭಾರವೆಲ್ಲ ಅದರ ನಡುಭಾಗಕ್ಕೂ ಕೆಳಗಿನದರ ಅಂಚಿಗೂ ಬೀಳುತ್ತದೆ. ಆದುದರಿಂದ ಮೇಲಿನದು ತಗ್ಗಾಗುತ್ತದೆ, ಕೆಳಗಿನದು ಉಬ್ಬುತ್ತದೆ. ನಡುನಡುವೆ ಎರಡನ್ನೂ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಿದ್ದರೆ ತಗ್ಗು ಎಲ್ಲ ಕಡೆಗೂ ಸಮನಾಗಿ ಗೋಳಾಕೃತಿಯನ್ನು ತಾಳುತ್ತದೆ. ಬಳಿಕ ಹೆಚ್ಚು ಹೆಚ್ಚು ನವಿರಾದ ಪುಡಿಗಳಿಂದ ಉಜ್ಜಿ, ಕೊನೆಗೆ ರಾಳದಂತಹ ಅಂಟುವಸ್ತುವಿನ ಹಾಸಿನ ಮೇಲೆ ಸೀರಿಯಂ ಆಕ್ಸೈಡಿನಿಂದ ಮೆರುಗು ಕೊಡಬೇಕು.

ವಿಶಾಲವಾದ ಜಾಗವಿದ್ದವರು ಪೀಪಾಯಿಯೊಂದರ ಮೇಲೆ ಬಿಲ್ಲೆಯನ್ನಿಟ್ಟು ಅದರ ಸುತ್ತ ನಡೆಯುತ್ತ ಉಜ್ಜುವುದುಂಟು. ಕಿರುಮನೆಯಲ್ಲಿ ಮನುಷ್ಯನು ಸುತ್ತುವ ಬದಲು ಹಲಗೆಯೇ ಸುತ್ತಿದರಾಯಿತು. ಗಟ್ಟಿಯಾದ ಹಲಗೆಗೆ ಮೂರು ಮರದ ತುಂಡುಗಳನ್ನು ಬಡಿದು ಬಿಲ್ಲೆಯನ್ನು ನಡುವೆ ಸಿಕ್ಕಿಸಿ, ಮೇಜಿನ ಮೂಲೆಯಲ್ಲಿ ಆಗಾಗ ಹಲಗೆಯನ್ನೇ ತಿರುಗಿಸಿಕೊಳ್ಳಬಹುದು. ಎರಡು ಅಡಿ ಚೌಕದ ಎಡೆ ಸಾಕು. ದಿನಕ್ಕೊಂದು ಗಂಟೆ ದುಡಿದು, ತೊಳೆದು, ಎಲ್ಲವನ್ನೂ ಕಬ್ಬಿಣದ ಟ್ರಂಕಿನಲ್ಲಿಟ್ಟು ಮುಚ್ಚಿದರೆ, ಮರುಗಳಿಗೆಯಲ್ಲಿ ಅದೇ ಮೇಜು ಓದುವ ಮೇಜಾಗುತ್ತದೆ. ಸ್ಥಳದ ಅಭಾವವನ್ನು ಕಾಲದ ಹಂಚಿಕೆಯಿಂದ ತುಂಬುವುದೆಂದರೆ ಇದೇ.

ಇನ್ನೊಂದು ವಿಚಿತ್ರವೆಂದರೆ, ಕೆಲಸ ಮುಗಿದೊಡನೆ ಎಲ್ಲವನ್ನೂ ತೊಳೆದೊರಸಿ ತೆಗೆದಿಡಬೇಕೆಂಬ ಕಿರುಮನೆಯ ನಿರ್ಬಂಧವು ಇಲ್ಲಿ ಗುಣವಾಗಿಯೇ ಪರಿಣಮಿಸುತ್ತದೆ. ಒರಟು ಪುಡಿಯ ಒಂದೇ ಒಂದು ಕಣ ಉಳಿದು ನವಿರು ಪುಡಿಯಲ್ಲಿ ಬೆರೆತರೂ ಗಾಜಿನ ಮೇಲೆ ಗೀರು ಬಿದ್ದು, ವಾರಗಳ ಶ್ರಮ ವ್ಯರ್ಥವಾಗುತ್ತದೆ. ಸಾಮಾನುಗಳನ್ನು ಎಂದೆಂದಿಗೂ ಹರಡಿಯೇ ಇಡಬಲ್ಲ ದೊಡ್ಡ ಕಾರ್ಯಾಗಾರಕ್ಕಿಂತ ದಿನದಿನವೂ ಶುಚಿಯಾಗಲೇಬೇಕಾದ ಮೂಲೆಯೇ ಈ ಕೆಲಸಕ್ಕೆ ಲೇಸು.

ದರ್ಪಣದ ಆಕಾರ ಸರಿಯಾಯಿತೇ ಎಂದು ಪರೀಕ್ಷಿಸುವಾಗ ಮಾತ್ರ ಉದ್ದವಾದ ಎಡೆ ಬೇಕು. ಫ್ರಾನ್ಸಿನ ಲಿಯೋನ್ ಫುಕೊ ಎಂಬ ವಿಜ್ಞಾನಿ ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಇದಕ್ಕೊಂದು ಸರಳೋಪಾಯವನ್ನು ಕಂಡುಹಿಡಿದನು. ದರ್ಪಣದಿಂದ ಸಂಗಮದೂರದ ಇಮ್ಮಡಿ ದೂರದಲ್ಲಿ ಸಣ್ಣದೊಂದು ದೀಪವನ್ನಿಟ್ಟು, ಮರಳಿ ಬರುವ ಕಿರಣಗಳನ್ನು ಚೂರಿಯ ಅಲಗಿನಿಂದ ಅಡ್ಡಗಟ್ಟಿ ನೋಡಿದರೆ, ಗಾಜಿನ ಅತಿ ಸೂಕ್ಷ್ಮವಾದ ಉಬ್ಬುತಗ್ಗುಗಳು ನೆರಳಾಗಿ ಕಾಣಿಸುತ್ತವೆ. ಮೇಲೆ ಹೇಳಿದ ದರ್ಪಣಕ್ಕೆ ಈ ದೂರವು 8 ಅಡಿ. ಅಗಲ ಬೇಕಿಲ್ಲ, ಕದಲದ ಗಾಳಿ ಬೇಕು. ಒಲೆಯ ಶಾಖದಿಂದ ಗಾಳಿ ಅಲುಗಿದರೂ ನೆರಳು ನಡುಗುತ್ತದೆ. ಆದುದರಿಂದ ಅಡುಗೆ ಮುಗಿದು ಮನೆ ತಣ್ಣಗಾದ ರಾತ್ರಿಯ ಹೊತ್ತಿನಲ್ಲಿ, ಓಡಾಟವಿಲ್ಲದ ನಡುವಂಕಣವೇ ಪರೀಕ್ಷಾಶಾಲೆಯಾಗುತ್ತದೆ.

ಈ ಪರೀಕ್ಷೆಯ ಎಡೆಗಾಗಿಯೇ ಅಮೆರಿಕದ ಕಾನ್ಸಾಸ್ ಪ್ರಾಂತದ ರೈತನ ಮಗನಾದ ಕ್ಲೈಡ್ ಟೊಂಬಾ ಎಂಬ ತರುಣನು ಹೊಲದಲ್ಲಿ ತನ್ನ ಕೈಯಿಂದಲೇ ಒಂದು ಕುಳಿಯನ್ನು ತೋಡಿದನು. ಉದ್ದ 24 ಅಡಿ, ಆಳ 8 ಅಡಿ, ಅಗಲ 7 ಅಡಿ. ನೆಲದೊಳಗಿನ ಗಾಳಿ ಕದಲದೆ ಒಂದೇ ತಂಪಿನಲ್ಲಿರುವುದರಿಂದ ಅವನ ದರ್ಪಣಗಳ ಪರೀಕ್ಷೆಗೆ ಅದು ತಕ್ಕುದಾಯಿತು. ಅದೇ ಕುಳಿಯು ಮನೆಯವರಿಗೆ ಆಹಾರವನ್ನು ತಂಪಾಗಿಡುವ ನೆಲಮಾಳಿಗೆಯೂ ಸುಂಟರಗಾಳಿಯ ಸಮಯದಲ್ಲಿ ಅಡಗುದಾಣವೂ ಆಯಿತು. ಒಂದೇ ಎಡೆಗೆ ಮೂರು ಪ್ರಯೋಜನ! ತಾನು ರಚಿಸಿದ ದೂರದರ್ಶಕದಿಂದ ಗ್ರಹಗಳನ್ನು ನೋಡಿ ಬರೆದ ಚಿತ್ರಗಳನ್ನು ಅವನು ಲೊವೆಲ್ ವೀಕ್ಷಣಾಲಯಕ್ಕೆ ಕಳುಹಿಸಿದನು. ಅವುಗಳಿಂದಲೇ ಅವನಿಗೆ ಅಲ್ಲಿ ಉದ್ಯೋಗ ದೊರೆಯಿತು. 1930ರ ಫೆಬ್ರವರಿ 18ರಂದು ಪ್ಲೂಟೋವನ್ನು ಕಂಡುಹಿಡಿದವನು ಅವನೇ. 2006ರಲ್ಲಿ ಪ್ಲೂಟೋವನ್ನು ಕುಬ್ಜಗ್ರಹಗಳ ಸಾಲಿಗೆ ಸೇರಿಸಿದರೂ ಆ ಸಾಧನೆಗೆ ಕುಂದಿಲ್ಲ.

ಎಡೆ ಹೊಂದಿಸಿಕೊಳ್ಳುವುದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ಅದು ಮನೆಯವರ ಮನಸ್ಸಿಗೆ ಸಂಬಂಧಪಟ್ಟದ್ದು. ಇಂಗ್ಲೆಂಡಿನ ಬಾತ್ ನಗರದಲ್ಲಿ ಸಂಗೀತಗಾರನಾಗಿದ್ದ ವಿಲಿಯಂ ಹರ್ಷೆಲನು ದೂರದರ್ಶಕದ ಹವ್ಯಾಸ ಹಿಡಿದಾಗ ಅವನ ಮನೆಯ ಕೋಣೆಗಳೆಲ್ಲ ಕಾರ್ಯಾಗಾರಗಳಾದವು. ಅಲಂಕರಿಸಿದ ದಿವಾನಖಾನೆಯಲ್ಲಿ ಬಡಗಿಯು ನಳಿಗೆಯನ್ನೂ ಪೀಠವನ್ನೂ ಮಾಡುತ್ತಿದ್ದುದನ್ನು, ಮಲಗುವ ಕೋಣೆಯೊಂದರಲ್ಲಿ ತಮ್ಮ ಅಲೆಕ್ಸಾಂಡರನು ಕಡೆಯುವ ಯಂತ್ರವನ್ನು ಹೂಡಿದುದನ್ನು ತಂಗಿ ಕ್ಯಾರೋಲಿನಳು ವ್ಯಥೆಯಿಂದಲೇ ಬರೆದಿಟ್ಟಿದ್ದಾಳೆ. ದರ್ಪಣದಿಂದ ಕೈ ತೆಗೆಯದೆ ಅಣ್ಣನು 16 ಗಂಟೆಗಳ ಕಾಲ ಮೆರುಗು ಕೊಡುತ್ತಿದ್ದಾಗ ತುತ್ತು ಮಾಡಿ ಬಾಯಿಗಿಟ್ಟವಳೂ ಅವಳೇ. 1781ರ ಮಾರ್ಚ್ 13ರ ರಾತ್ರಿ ಬಾತ್ ನಗರದ ತನ್ನ ಮನೆಯ ಹಿತ್ತಿಲಿನಿಂದ ಹರ್ಷೆಲನು ಯುರೇನಸ್ ಗ್ರಹವನ್ನು ಕಂಡನು. ಮುಂದೆ ಕ್ಯಾರೋಲಿನಳೂ ಅನೇಕ ಧೂಮಕೇತುಗಳನ್ನು ಕಂಡುಹಿಡಿದು ಕೀರ್ತಿ ಪಡೆದಳು. ಎಲ್ಲ ಮನೆಗಳಲ್ಲಿಯೂ ಇಂತಹ ತಂಗಿ ಇರಲಾರಳು. ಇರಬೇಕೆಂದು ಬಯಸುವುದೂ ನ್ಯಾಯವಲ್ಲ. ಒಬ್ಬನ ಹವ್ಯಾಸದ ಬೆಲೆಯನ್ನು ಮನೆಮಂದಿಯೆಲ್ಲ ತೆರಬೇಕಾಗಿ ಬಂದರೆ ಅದು ಬಹುಕಾಲ ಬಾಳದು. ಯಾವ ಮೂಲೆ, ಎಷ್ಟು ಹೊತ್ತು ಎಂಬುದನ್ನು ತಾಯಿ, ತಂದೆ, ಒಡಹುಟ್ಟಿದವರೊಡನೆ ಮೊದಲೇ ಮಾತನಾಡಿ ಗೊತ್ತುಮಾಡಿಕೊಂಡು, ಅದನ್ನು ಮೀರದೆ ನಡೆಯುವುದೇ ಕ್ಷೇಮ.

ಹರ್ಷೆಲನ ಮನೆಯೇ ಮತ್ತೊಂದು ಎಚ್ಚರಿಕೆಯನ್ನೂ ಕೊಡುತ್ತದೆ. ಅಂದಿನ ದರ್ಪಣಗಳು ತಾಮ್ರ ತವರಗಳ ಮಿಶ್ರಲೋಹದವು. ಅದೇ 1781ರಲ್ಲಿ 3 ಅಡಿ ವ್ಯಾಸದ ದರ್ಪಣವನ್ನು ನೆಲಮನೆಯಲ್ಲಿ ಎರಕ ಹೊಯ್ಯಲು ಹೋದಾಗ ಕರಗಿದ ಲೋಹವು ಸೋರಿ ಕಲ್ಲುಹಾಸಿನ ಮೇಲೆ ಹರಿಯಿತು. ಕಾದ ಕಲ್ಲುಗಳು ಸಿಡಿದು ಸೂರಿನವರೆಗೆ ಹಾರಿದವು. ಇದ್ದವರೆಲ್ಲ ಓಡಿ ಜೀವ ಉಳಿಸಿಕೊಂಡರು. ಜಾಣ್ಮೆಯಿಂದ ಕಿರಿದಾದ ಎಡೆಯಲ್ಲಿ ಹಿಡಿಸಬಹುದಾದ ಕೆಲಸಗಳಿವೆ. ಎಷ್ಟು ಜಾಣ್ಮೆಯಿದ್ದರೂ ಮನೆಯೊಳಗೆ ಮಾಡಲೇಬಾರದ ಕೆಲಸಗಳೂ ಇವೆ. ಲೋಹ ಕರಗಿಸುವುದು, ಬಣ್ಣ ಸಿಂಪಡಿಸುವುದು, ಧೂಳೆಬ್ಬಿಸುವ ಮರಗೆಲಸ ಮುಂತಾದುವು ಈ ಎರಡನೆಯ ಬಗೆಯವು. ರಾಳವನ್ನು ಕಾಯಿಸುವಾಗಲೂ ಹಿರಿಯರೊಬ್ಬರು ಬಳಿಯಲ್ಲಿದ್ದು, ಬಯಲಿನಲ್ಲಿ ಮಂದ ಉರಿಯ ಮೇಲೆ ಕಾಯಿಸಬೇಕು. ಗಾಜು ತೊಳೆದ ನೀರನ್ನು ಬಚ್ಚಲಿಗೆ ಸುರಿದರೆ ಪುಡಿಯು ತಳದಲ್ಲಿ ಕೂತು ಕೊಳವೆ ಕಟ್ಟುತ್ತದೆ. ಬಕೆಟ್ಟಿನಲ್ಲಿ ತಿಳಿಗೊಳಿಸಿ ಗಸಿಯನ್ನು ಬೇರೆಯಾಗಿ ಹೊರಹಾಕಬೇಕು. ದರ್ಪಣಕ್ಕೆ ಅಲ್ಯೂಮಿನಿಯಮ್ ಲೇಪಿಸಲು ನಿರ್ವಾತಯಂತ್ರ ಬೇಕಾದುದರಿಂದ ಅದನ್ನು ಅಂತಹ ಸೌಕರ್ಯವುಳ್ಳಲ್ಲಿಗೆ ಕಳುಹಿಸುವುದೇ ಸರಿ. ಎಲ್ಲವನ್ನೂ ಮನೆಯಲ್ಲಿಯೇ ಮಾಡಬೇಕೆಂಬ ಹಟವು ಹವ್ಯಾಸಕ್ಕೆ ಭೂಷಣವಲ್ಲ.

ಇನ್ನು ವಸ್ತುವಿನ ರಚನೆಯನ್ನೇ ಸರಳಗೊಳಿಸಿ ಎಡೆಯನ್ನು ಉಳಿಸಿದವನೊಬ್ಬನಿದ್ದಾನೆ. ಅವನ ಹೆಸರು ಜಾನ್ ಡಾಬ್ಸನ್. 1944ರಲ್ಲಿ ಅವನು ಸ್ಯಾನ್ ಫ್ರಾನ್ಸಿಸ್ಕೊ ನಗರದ ವೇದಾಂತ ಆಶ್ರಮವನ್ನು ಸೇರಿ ಸಾಧಕನಾದನು. ಆಶ್ರಮವಾಸಿಗೆ ಹಣವೂ ಇಲ್ಲ, ಕಾರ್ಯಾಗಾರವೂ ಇಲ್ಲ. ಹಡಗಿನ ಕಿಟಕಿಯ ಹಳೆಯ ಗಾಜನ್ನು ಉಜ್ಜಿ ದರ್ಪಣ ಮಾಡಿದನು. ಗಟ್ಟಿರಟ್ಟಿನ ಕೊಳವೆಯನ್ನು ನಳಿಗೆ ಮಾಡಿದನು. ಭಾರವಾದ ಕಬ್ಬಿಣದ ಪೀಠದ ಬದಲು ಪ್ಲೈವುಡ್ಡಿನ ತಿರುಗುವ ಪೆಟ್ಟಿಗೆಯನ್ನು ಜೋಡಿಸಿದನು. ಕಡೆಯುವ ಯಂತ್ರವಿಲ್ಲದೆ, ಗರಗಸ ಮೊಳೆಗಳಿಂದಲೇ ಮುಗಿಯುವ ಕೆಲಸವದು. ಆದರೆ ದೂರದರ್ಶಕಗಳಲ್ಲಿ ಅವನ ಆಸಕ್ತಿ ಮಿತಿಮೀರಿತೆಂಬ ಕಾರಣದಿಂದ 1967ರಲ್ಲಿ ಅವನು ಆಶ್ರಮವನ್ನು ಬಿಡಬೇಕಾಯಿತು. ಸಹವಾಸಿಗಳ ಸಮ್ಮತಿಯ ಮಾತು ಇಲ್ಲಿಯೂ ಅನ್ವಯಿಸುತ್ತದೆ. ಬಳಿಕ ಅವನು ರಸ್ತೆಯ ಬದಿಯಲ್ಲಿ ದೂರದರ್ಶಕವನ್ನಿಟ್ಟು ದಾರಿಹೋಕರಿಗೆ ಚಂದ್ರ ಶನಿಗಳನ್ನು ತೋರಿಸುತ್ತ ಬಾಳಿ, 2014ರಲ್ಲಿ ತೀರಿಕೊಂಡನು. ಅವನ ಹೆಸರಿನ ಆ ಸರಳ ಪೀಠವನ್ನು ಇಂದು ಲೋಕದ ಹವ್ಯಾಸಿಗಳು ಬಳಸುತ್ತಿದ್ದಾರೆ.

ಇಷ್ಟಾದರೂ ಗರಗಸ ಹಿಡಿಯುವಷ್ಟು ಜಾಗವೂ ಇಲ್ಲದ ಮನೆಗಳುಂಟು. ಅಂತಹವರಿಗೆ ಉಳಿದಿರುವ ದಾರಿ, ಹಲವರು ಕೂಡಿ ಒಂದು ಎಡೆಯನ್ನು ಹಂಚಿಕೊಳ್ಳುವುದು. ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂಬ ಸಣ್ಣ ಪಟ್ಟಣದಲ್ಲಿ 1920ರಲ್ಲಿ ರಸೆಲ್ ಪೋರ್ಟರ್ ಎಂಬವನು ಬಹುಮಟ್ಟಿಗೆ ಕಾರ್ಖಾನೆಯ ಕೆಲಸಗಾರರೇ ಇದ್ದ ತಂಡಕ್ಕೆ ದರ್ಪಣ ಉಜ್ಜುವುದನ್ನು ಕಲಿಸಿದನು. ಅದರಿಂದ ಹುಟ್ಟಿದ ಸಂಘವು ಇಂದಿಗೂ ನಡೆದಿದೆ. ನಮ್ಮ ದೇಶದಲ್ಲಿ ಪುಣೆಯ ಐಯುಕಾ ಸಂಸ್ಥೆಯು ದೂರದರ್ಶಕ ತಯಾರಿಕೆಯ ಶಿಬಿರಗಳನ್ನು ನಡೆಸಿದೆ. 2016ರಲ್ಲಿ ಆರಂಭವಾದ ಅಟಲ್ ನಾವೀನ್ಯ ಯೋಜನೆಯಡಿ ಶಾಲೆಗಳಲ್ಲಿ ಪ್ರಯೋಗಕೋಣೆಗಳು ಏರ್ಪಟ್ಟಿವೆ. ಅಂತಹ ಕೋಣೆಯಿಲ್ಲದ ಶಾಲೆಯಲ್ಲಿಯೂ ಗಟ್ಟಿಯಾದ ಮೇಜುಗಳು, ಉದ್ದನೆಯ ಪಡಸಾಲೆ, ನೀರಿನ ನಲ್ಲಿ ಇದ್ದೇ ಇರುತ್ತವೆ. ಸಂಜೆಯ ಗಂಟೆ ಬಾರಿಸಿದ ಮೇಲೆ ಅವೆಲ್ಲ ಬರಿದೇ ಬಿದ್ದಿರುತ್ತವೆ. ವಾರಕ್ಕೆ ಎರಡು ಸಂಜೆ ಶಿಕ್ಷಕರೊಬ್ಬರ ಮೇಲ್ವಿಚಾರಣೆಯಲ್ಲಿ ಆ ಬಾಗಿಲುಗಳು ತೆರೆದರೆ, ಮನೆಯಲ್ಲಿ ಎಡೆಯಿಲ್ಲದ ಎಷ್ಟೋ ಮಕ್ಕಳ ಕೈಗೆ ಕೆಲಸ ದೊರೆತೀತು.

ಸಂಗ್ರಹವಾಗಿ ಹೇಳುವುದಾದರೆ, ಕೆಲಸವನ್ನು ಹಂತಹಂತವಾಗಿ ಬಿಡಿಸಿ ಪ್ರತಿಯೊಂದಕ್ಕೂ ಬೇಕಾದ ಎಡೆಯನ್ನು ಅಳೆಯಬೇಕು. ಸ್ಥಳ ಸಾಲದಲ್ಲಿ ಕಾಲವನ್ನು ಹಂಚಿಕೊಳ್ಳಬೇಕು. ಮನೆಯವರ ಒಪ್ಪಿಗೆಯನ್ನು ಪಡೆಯಬೇಕು. ಅಪಾಯಕರವಾದುದನ್ನು ಹೊರಗೆ ಕಳುಹಿಸಬೇಕು. ಒಂಟಿಯಾಗಿ ಆಗದುದನ್ನು ಕೂಡಿ ಮಾಡಬೇಕು. ಮರಗೆಲಸಕ್ಕಾಗಲಿ, ಪುಸ್ತಕ ಕಟ್ಟುವುದಕ್ಕಾಗಲಿ, ರೇಡಿಯೋ ಜೋಡಣೆಗಾಗಲಿ ಈ ಕ್ರಮವೇ ಸಲ್ಲುತ್ತದೆ. ಆರು ಅಂಗುಲದ ಗಾಜಿನಲ್ಲಿ ಒಂದು ಮಿಲಿಮೀಟರಿನ ತಗ್ಗು ತೋಡಿದವನಿಗೆ ಶನಿಯ ಬಳೆಗಳು ಕಾಣಿಸುತ್ತವೆ. ಅಷ್ಟು ದೂರವನ್ನು ನೋಡಲು ಅವನಿಗೆ ಬೇಕಾದುದು ಎರಡು ಅಡಿಯ ಮೂಲೆ, ದಿನಕ್ಕೊಂದು ಗಂಟೆಯ ತೆರಪು.